ಎಸ್‌ಟಿಪಿ ಹೇಗಿದೆ ಅಂತ ಒಂದು ಲೀಟರ್ ಜಾರ್‌ನಲ್ಲಿ ನೋಡುವುದು: ಮಲೆನಾಡಿನ ಹೊಸ ಆಪರೇಟರ್‌ಗಳಿಗೆ

ಶಿವಮೊಗ್ಗದ ಸುತ್ತಮುತ್ತ ಯಾವುದಾದರೂ ಸಣ್ಣ ಊರಿನ ಎಸ್‌ಟಿಪಿಗೆ (ಕೊಳಚೆ ನೀರು ಸಂಸ್ಕರಣಾ ಘಟಕ) ಹೊಸದಾಗಿ ಸೇರಿದ್ದೀರಾ? ಪ್ಯಾನೆಲ್ ಮೇಲಿನ ಮೀಟರ್‌ಗಳನ್ನು ಆಮೇಲೆ ನೋಡಿ. ಮೊದಲು ಗೆರೆ ಹಾಕಿದ ಒಂದು ಲೀಟರ್ ಜಾರ್ ಎಲ್ಲಿದೆ ಹುಡುಕಿ. ಗಾಳಿ ಊದುವ ಬ್ಲೋವರ್, ಆ ಗಾಳಿ ಕೊಳಚೆಗೆ ಸೇರುವ ಏರೇಶನ್ ಟ್ಯಾಂಕ್ ಇರುವ ಪ್ಲಾಂಟ್ ಆಗಿರಬೇಕು ಅಷ್ಟೇ. ಬರೀ ಹೊಂಡಗಳ ಪ್ಲಾಂಟ್‌ಗೆ ಇದು ಉಪಯೋಗವಿಲ್ಲ.

ಕೊಳಚೆ ತಿನ್ನುವುದು ಬ್ಯಾಕ್ಟೀರಿಯಾ. ಅವು ತಿಂದು, ಗುಂಪುಗೂಡಿ, ಕೆಸರಾಗಿ ತಳಕ್ಕೆ ಕೂತರೆ ಮೇಲೆ ತಿಳಿ ನೀರು ಸಿಗುತ್ತದೆ. ಕೂರದಿದ್ದರೆ ಆ ಕೆಸರೇ ಹೊಳೆಗೆ ಹೋಗುತ್ತದೆ. ಹಾಗಾಗಿ ಕೆಸರು ಹೇಗೆ ಕೂರುತ್ತಿದೆ ಅನ್ನುವುದನ್ನು ದಿನಾ ಒಂದೇ ಹೊತ್ತಿಗೆ ನೋಡಬೇಕು.

ಬ್ಲೋವರ್ ಓಡುತ್ತಿರುವಾಗಲೇ ಏರೇಶನ್ ಟ್ಯಾಂಕ್‌ನಿಂದ ನೀರು ಹೊರಗೆ ಹೋಗುವ ಕಡೆ, ನೊರೆ ಸರಿಸಿ, ಬಕೆಟ್‌ನಲ್ಲಿ ನೀರು ತೆಗೆಯಿರಿ. ಕೈಗವಸು ಹಾಕಿಕೊಳ್ಳಿ. ತಡಮಾಡದೆ ಜಾರ್‌ಗೆ 1000 ಮಿ.ಲೀ. ಗೆರೆಯವರೆಗೆ ತುಂಬಿ, ಬಿಸಿಲು ಬೀಳದ, ಅಲುಗಾಡದ ಕಡೆ 30 ನಿಮಿಷ ಇಡಿ. ಮೊದಲ ಐದು ನಿಮಿಷ ಚಹಾ ಕುಡಿಯೋಕೆ ಹೋಗಬೇಡಿ, ಅಲ್ಲೇ ನಿಂತು ನೋಡಿ. ಒಳ್ಳೆಯ ಕೆಸರು ಕಂದು ಬಣ್ಣದ ಚೂರುಗಳಾಗಿ ಒಂದಕ್ಕೊಂದು ಅಂಟಿಕೊಂಡು, ನಿಧಾನಕ್ಕೆ ಕೆಳಗೆ ಇಳಿಯುತ್ತದೆ. ಕಪ್ಪಾಗಿದ್ದು ಕೊಳೆತ ಮೊಟ್ಟೆ ವಾಸನೆ ಬಂದರೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ.

ಅರ್ಧ ಗಂಟೆಗೆ ಕೆಸರು ಸುಮಾರು 200ರಿಂದ 300 ಮಿ.ಲೀ. ಗೆರೆಯ ನಡುವೆ ನಿಂತರೆ ಸಾಮಾನ್ಯವಾಗಿ ಚಿಂತೆಯಿಲ್ಲ. 600ರಲ್ಲೇ ನಿಂತಿತಾ? ಗಾಬರಿಯಾಗಿ ಕೆಮಿಕಲ್ ಸುರಿಯಬೇಡಿ. ಅದೇ ಕೆಸರು ನೀರು ಅರ್ಧ ಜಾರ್, ಸಂಸ್ಕರಿಸಿದ ನೀರು ಅರ್ಧ ಜಾರ್ ಬೆರೆಸಿ ಮತ್ತೆ ಅರ್ಧ ಗಂಟೆ ಇಡಿ. ಈಗ ಚೆನ್ನಾಗಿ ಕೂತು 200ರ ಆಸುಪಾಸಿಗೆ ಇಳಿದರೆ ಕೆಸರು ಜಾಸ್ತಿಯಾಗಿದೆ ಅಷ್ಟೇ, ದಿನಾ ಸ್ವಲ್ಪ ಸ್ವಲ್ಪ ಹೊರಗೆ ಹಾಕಿ. ಬೆರೆಸಿದ ಮೇಲೂ ಹತ್ತಿಯ ಹಾಗೆ ಉಬ್ಬಿಕೊಂಡೇ ಇದ್ದರೆ ದಾರದಂಥ ಬ್ಯಾಕ್ಟೀರಿಯಾ ಹೆಚ್ಚಾಗಿರುವ ಸಾಧ್ಯತೆ ಜಾಸ್ತಿ. ಆಗ ಮೊದಲು ಗಾಳಿ ನೋಡಿ. ಟ್ಯಾಂಕ್‌ನಲ್ಲಿ ಲೀಟರ್‌ಗೆ 2 ಮಿ.ಗ್ರಾಂ ಆಸುಪಾಸು ಆಮ್ಲಜನಕ ಇರಬೇಕು.

ಕೆಸರಿನ ಮಟ್ಟ ನೋಡಿಕೊಂಡ ಮೇಲೂ ಜಾರ್ ತೊಳೆಯಬೇಡಿ, ಇನ್ನೊಂದು ಗಂಟೆ ಬಿಡಿ. ಕೂತ ಕೆಸರು ಗುಳ್ಳೆ ಸಮೇತ ಮೇಲೆದ್ದು ಬಂದರೆ ಅದು ಸಾರಜನಕದ ಗುಳ್ಳೆ. ಕೆಸರು ಕೂರಿಸುವ ಟ್ಯಾಂಕ್ ಆದ ಕ್ಲಾರಿಫೈಯರ್‌ನಲ್ಲಿ ಕೆಸರು ತುಂಬಾ ಹೊತ್ತು ಉಳಿಯುತ್ತಿದ್ದರೆ ಅಲ್ಲೂ ಹೀಗೇ ಆಗುತ್ತದೆ. ಕೆಸರನ್ನು ಏರೇಶನ್ ಟ್ಯಾಂಕ್‌ಗೆ ವಾಪಸ್ ಕಳಿಸುವ ರಿಟರ್ನ್ ಪಂಪ್ ಸ್ವಲ್ಪ ಜಾಸ್ತಿ ಓಡಿಸಿ.

ಇನ್ನು ನಮ್ಮ ಕಡೆಯ ವಿಶೇಷ. ಅಡಿಕೆ ಕೊಯ್ಲಿನ ಕಾಲದಲ್ಲಿ ಒಮ್ಮೊಮ್ಮೆ ಬರುವ ನೀರೇ ಕೆಂಪಗಿರುತ್ತದೆ. ಯಾರೋ ಅಡಿಕೆ ಬೇಯಿಸಿದ ನೀರನ್ನು (ಚೊಗರು) ಒಳಚರಂಡಿಯ ಚೇಂಬರ್‌ಗೆ ಬಿಟ್ಟಿರುತ್ತಾರೆ. ಚೊಗರಿನಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಬ್ಯಾಕ್ಟೀರಿಯಾಕ್ಕೆ ಆಗಿಬರುವುದಿಲ್ಲ, ಮೇಲಾಗಿ ಜಾರ್‌ನ ಬಣ್ಣ ನೋಡಿ ಏನೂ ಹೇಳೋಕಾಗದ ಹಾಗೆ ಮಾಡುತ್ತದೆ. ಅಂಥ ದಿನ ಬಣ್ಣ ಬಿಟ್ಟು, ಕೂರುವುದನ್ನಷ್ಟೇ ನೋಡಿ.

ಜೂನ್ ಬಂತೆಂದರೆ ಮಳೆಯದೇ ಕಾಟ. ಮಳೆನೀರಿಗೂ ಯುಜಿಡಿಗೂ (ಒಳಚರಂಡಿ) ಸಂಬಂಧ ಇರಬಾರದು, ಆದರೆ ಸೂರಿನ ನೀರನ್ನೂ ಅಂಗಳದ ನೀರನ್ನೂ ಸುಮ್ನೆ ಚೇಂಬರ್‌ಗೆ ತಿರುಗಿಸಿದ ಮನೆಗಳು ಎಷ್ಟಿಲ್ಲ! ಒಮ್ಮೆಲೇ ನುಗ್ಗುವ ನೀರು ಕೆಸರನ್ನೇ ಕೊಚ್ಚಿಕೊಂಡು ಹೋಗುತ್ತದೆ. ಜೋರು ಮಳೆಯ ದಿನಗಳಲ್ಲಿ ಕೆಸರು ಹೊರಗೆ ಹಾಕಬೇಡಿ, ಇದ್ದದ್ದನ್ನು ಉಳಿಸಿಕೊಳ್ಳಿ. ಎಸ್‌ಬಿಆರ್ (ಒಂದೇ ಟ್ಯಾಂಕ್‌ನಲ್ಲಿ ಸರದಿಯಂತೆ ಗಾಳಿ ಕೊಟ್ಟು, ಕೆಸರು ಕೂರಿಸುವ) ಪ್ಲಾಂಟ್ ಆದರೆ ಮಳೆಗಾಲದ ಸೈಕಲ್ ಹೇಗೆ ಹಾಕುವುದು ಅಂತ ಮೇ ತಿಂಗಳಲ್ಲೇ ಕೇಳಿ ತಿಳಿದುಕೊಳ್ಳಿ.

ನೀರು ಎಲ್ಲಿಂದ ಬರುತ್ತಿದೆ ಅಂತ ತಿಳಿಯಲು ವೆಟ್‌ವೆಲ್ (ಬಂದ ಕೊಳಚೆ ಪಂಪ್ ಆಗುವ ಮೊದಲು ಸೇರುವ ಬಾವಿ) ಮಟ್ಟವನ್ನು ಗಂಟೆಗೊಮ್ಮೆ ಬರೆದಿಡಿ. ಮಳೆ ಶುರುವಾದ ಸ್ವಲ್ಪ ಹೊತ್ತಿಗೇ ಏರಿ, ನಿಂತ ಮೇಲೆ ಬೇಗ ಇಳಿದರೆ ಅದು ಸೂರಿನ ನೀರು. ಮಳೆ ಬಿಟ್ಟು ಎರಡು ದಿನವಾದರೂ ಇಳಿಯದಿದ್ದರೆ ಪೈಪಿನ ಜಾಯಿಂಟ್‌ಗಳಿಂದ ಒರತೆ ನೀರು ಸೇರುತ್ತಿದೆ. ಬೆಳಗಿನ ಜಾವ ಮೂರು ಗಂಟೆಗೆ, ಜನ ನೀರು ಬಳಸದ ಹೊತ್ತಿನಲ್ಲಿ, ಮ್ಯಾನ್‌ಹೋಲ್ ಮುಚ್ಚಳ ತೆಗೆಸಿ ಟಾರ್ಚ್ ಬಿಟ್ಟು ನೋಡಿದರೆ ಯಾವ ಲೈನ್‌ನಲ್ಲಿ ತಿಳಿ ನೀರು ಓಡುತ್ತಿದೆ ಅಂತ ಕಾಣುತ್ತದೆ. ಮೇಲಿನಿಂದಲೇ ನೋಡಿ, ಒಳಗೆ ಯಾರನ್ನೂ ಇಳಿಸಬೇಡಿ. ಗ್ಯಾಸ್‌ಗೆ ಜೀವ ಹೋಗುತ್ತದೆ, ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಸುರಕ್ಷತಾ ಸಲಕರಣೆ ಇಲ್ಲದೆ ಶುಚಿ ಮಾಡಲು ಇಳಿಸುವುದು ಅಪರಾಧವೂ ಹೌದು. ಮ್ಯಾನ್‌ಹೋಲ್ ನಂಬರ್, ಹೊತ್ತು ಬರೆದು, ಮೊಬೈಲ್‌ನಲ್ಲಿ ವಿಡಿಯೋ ಮಾಡಿ ಇಂಜಿನಿಯರ್‌ಗೆ ಕಳಿಸಿ.