ಸಣ್ಣ ಕಾರಿನಲ್ಲಿ ಮನಾಲಿಯಿಂದ ಲೇಹ್‌ಗೆ

ಮನಾಲಿ ದಾಟಿದ ಮೇಲೆ ಸಿಗುವ ತಾಂಡಿ ಎಂಬ ಊರಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ. ಮುಂದೆ 300 ಕಿ.ಮೀ.ಗೂ ಹೆಚ್ಚು ದೂರ ಬಂಕ್ ನೆಚ್ಚಿಕೊಳ್ಳುವಂತಿಲ್ಲ. 5,328 ಮೀಟರ್ ಎತ್ತರದ ತಂಗ್ಲಾಂಗ್ ಲಾ ಎಂಬ ಪರ್ವತ ಕಣಿವೆ ದಾರಿಯಲ್ಲಿ ಗಾಳಿ ತೆಳು, ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ನಿನ ಶಕ್ತಿ ಶೇ 40ರಷ್ಟು ಕುಸಿಯುತ್ತದೆ. ಏರಿನಲ್ಲಿ ಎಸಿ ಬಂದ್ ಮಾಡಿ, ಮೊದಲ ಗೇರಿಗೆ ಬನ್ನಿ. ಹಾಫ್ ಕ್ಲಚ್‌ನಲ್ಲಿ ಎಳೆಸಿ ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ.

ನಿಜವಾದ ಪರೀಕ್ಷೆ ರಸ್ತೆಗೆ ಅಡ್ಡ ಹರಿಯುವ ಹಳ್ಳಗಳದ್ದು. ಬಿಸಿಲೇರಿದಂತೆ ಹಿಮ ಕರಗಿ ನೀರು ಹೆಚ್ಚುತ್ತದೆ, ಬೆಳಿಗ್ಗೆಯೇ ದಾಟಿ. ನೀರು ಚಕ್ರದ ಅರ್ಧ ಮುಳುಗಿಸುವಷ್ಟಿದ್ದರೆ ಇಳಿಯಲೇಬೇಡಿ. ಮೊದಲ ಗೇರ್, ಆಕ್ಸಿಲರೇಟರ್ ಒಂದೇ ಸಮ. ನಡುನೀರಿನಲ್ಲಿ ಕ್ಲಚ್ ಮುಟ್ಟಬಾರದು. ದಾಟಿದ ಮೇಲೆ ಬ್ರೇಕ್ ನಾಲ್ಕೈದು ಸಲ ಮೆಲ್ಲಗೆ ಒತ್ತಿ ಒಣಗಿಸಿ.

ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡವೇ ಬೇಡ. ಬರೀ ಬ್ರೇಕಿನಲ್ಲೇ ಇಳಿದರೆ ಬ್ರೇಕ್ ಆಯಿಲ್ ಕುದಿದು ಪೆಡಲ್ ಮೆತ್ತಗಾಗುತ್ತದೆ. ಎರಡನೇ ಗೇರ್ ಕಾರನ್ನು ಹಿಡಿದಿಡಲಿ.