ಹಳೇ ರೆಕಾರ್ಡುಗಳಲ್ಲಿ ಅಮೆರಿಕದ ಸರ್ಕಸ್ ಬ್ಯಾಂಡ್ ಸಂಗೀತ ಹುಡುಕುವ ಬಗೆ

ಸರ್ಕಸ್ ಸಂಗೀತ ಬೇಕೆಂದು ‘ಸರ್ಕಸ್’ ಎಂದೇ ಹುಡುಕಿದರೆ ಹೆಚ್ಚಾಗಿ ಸಿಗುವುದು ಮಕ್ಕಳ ಕಥೆಯ ರೆಕಾರ್ಡು, ಇಲ್ಲವೇ ಮೆರ್ರಿ-ಗೋ-ರೌಂಡಿನ ಆರ್ಗನ್ ನುಡಿಸಿದ ಎಲ್‌ಪಿ. 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ಕಾಲದ ಲೇಬಲ್ಲಿನಲ್ಲಿ ಬಹುಪಾಲು ಮಾರ್ಚ್, ಗ್ಯಾಲಪ್, ವಾಲ್ಟ್ಸ್ ಎಂಬ ಪ್ರಕಾರದ ಹೆಸರು ಮತ್ತು ಸಂಯೋಜಕರ ಹೆಸರು ಮಾತ್ರ ಇರುತ್ತವೆ. ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು.

ಮೊದಲು ಹೆಸರುಗಳ ಪಟ್ಟಿ ಮಾಡಿಕೊಳ್ಳಿ. ಕಾರ್ಲ್ ಕಿಂಗ್ (‘ಬಾರ್ನಮ್ ಆ್ಯಂಡ್ ಬೇಲೀಸ್ ಫೇವರಿಟ್’, 1913), ಹೆನ್ರಿ ಫಿಲ್ಮೋರ್ (‘ದ ಸರ್ಕಸ್ ಬೀ’, 1908), ಫ್ರೆಡ್ ಜ್ಯೂಯೆಲ್, ಈ ಮೂವರು ಇರಲೇಬೇಕು. ಒಂದೇ ಕೃತಿಗೆ ಎರಡು ಮೂರು ಹೆಸರಿರುವುದು ದೊಡ್ಡ ತೊಡಕು. ಜೋಕರ್‌ಗಳು ಬರುವಾಗ ನುಡಿಸುವ, ಎಲ್ಲರ ಕಿವಿಗೂ ಪರಿಚಿತವಾದ ಮಾರ್ಚ್ ಯೂಲಿಯುಸ್ ಫುಚಿಕ್ 1897ರಲ್ಲಿ ರಚಿಸಿದ ‘ಎಂಟ್ರಿ ಆಫ್ ದ ಗ್ಲಾಡಿಯೇಟರ್ಸ್’. ಕೆನಡಾದ ಲಾರೆಂಡೋ ಅದನ್ನು ಅಮೆರಿಕದ ಬ್ಯಾಂಡುಗಳಿಗೆ ಅಳವಡಿಸಿದಾಗ ಪ್ರಕಾಶಕ ಕಾರ್ಲ್ ಫಿಶರ್ 1901ರಲ್ಲಿ ‘ಥಂಡರ್ ಆ್ಯಂಡ್ ಬ್ಲೇಝಸ್’ ಎಂದು ಅಚ್ಚು ಹಾಕಿದರು. ಜರ್ಮನ್ ರೆಕಾರ್ಡುಗಳಲ್ಲಿ ಅದು ‘ಐನ್‌ಟ್ಸುಗ್ ಡೆರ್ ಗ್ಲಾಡಿಯಾಟೋರೆನ್’. ಮೂರನ್ನೂ ಹಾಕಿ ಹುಡುಕಿ. ಜೋಕಾಲಿಯಾಟದ ವಾಲ್ಟ್ಸ್ ‘ಓವರ್ ದ ವೇವ್ಸ್’ ಮೆಕ್ಸಿಕೋದ ಹುವೆಂಟಿನೋ ರೋಸಾಸ್ 1888ರಲ್ಲಿ ಪ್ರಕಟಿಸಿದ್ದು, ಮೂಲ ಹೆಸರು ‘ಸೋಬ್ರೆ ಲಾಸ್ ಓಲಾಸ್’. ಇದನ್ನು ಸ್ಟ್ರಾಸ್ ಹೆಸರಿಗೆ ತಪ್ಪಾಗಿ ಹಚ್ಚುವುದು ಹಳೇ ಚಾಳಿ, ಆ ಹೆಸರಿನಡಿಯೂ ನೋಡಿಬಿಡಿ. ‘ಸ್ಕ್ರೀಮರ್’ ಎಂದರೆ ಅತಿ ವೇಗದ ಸರ್ಕಸ್ ಮಾರ್ಚ್, ‘ಸ್ಮಿಯರ್’ ಎಂದರೆ ಟ್ರಾಂಬೋನ್ ಜಾರಿಸಿ ನಗಿಸುವ ತುಣುಕು. ಎರಡೂ ಹುಡುಕಾಟಕ್ಕೆ ಒದಗುವ ಪದಗಳು.

ಪಟ್ಟಿ ಹಿಡಿದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಶಾಖೆಯ ‘ಡಿಸ್ಕಾಗ್ರಫಿ ಆಫ್ ಅಮೆರಿಕನ್ ಹಿಸ್ಟಾರಿಕಲ್ ರೆಕಾರ್ಡಿಂಗ್ಸ್’ ತೆರೆಯಿರಿ. ಉಚಿತ. ಸಂಯೋಜಕರ ಹೆಸರು ಕೊಟ್ಟರೆ ಧ್ವನಿಮುದ್ರಣದ ದಿನಾಂಕ, ಬ್ಯಾಂಡ್, ಮ್ಯಾಟ್ರಿಕ್ಸ್ ಸಂಖ್ಯೆ (ಆ ಮುದ್ರಣಕ್ಕೆ ಕಂಪನಿ ಕೊಟ್ಟ ಗುರುತಿನ ಸಂಖ್ಯೆ), ನುಡಿಸಿದ ಹಲವು ಸಲಗಳಲ್ಲಿ ಬಿಡುಗಡೆಯಾದ ಟೇಕ್ ಎಲ್ಲ ಸಿಗುತ್ತವೆ. ವಿಕ್ಟರ್ ಕಂಪನಿಯ ಮ್ಯಾಟ್ರಿಕ್ಸ್‌ನಲ್ಲಿ ‘ಬಿ’ ಎಂದರೆ 10 ಇಂಚು, ‘ಸಿ’ ಎಂದರೆ 12 ಇಂಚು. ಕೊಳ್ಳುವ ಮುಂಚೆ ಲೈಬ್ರರಿ ಆಫ್ ಕಾಂಗ್ರೆಸ್‌ನ ನ್ಯಾಷನಲ್ ಜೂಕ್‌ಬಾಕ್ಸ್‌ನಲ್ಲಿ ಕೇಳಿನೋಡಿ. 1923ಕ್ಕೆ ಹಿಂದಿನ ಧ್ವನಿಮುದ್ರಣಗಳು ಅಮೆರಿಕದಲ್ಲಿ 2022ರ ಜನವರಿ 1ರಿಂದ ಹಕ್ಕುಮುಕ್ತ.

ಮಾರುವವರಿಂದ ಲೇಬಲ್ಲಿನ ಫೋಟೊ ಜೊತೆಗೆ ಲೇಬಲ್ ಸುತ್ತಲಿನ ಖಾಲಿ ಜಾಗದ ಫೋಟೊವನ್ನೂ ಕೇಳಿ. ಅಲ್ಲಿ ಅಂಡಾಕಾರದೊಳಗೆ ‘ವಿಇ’ ಕೊರೆದಿದ್ದರೆ ಅದು ವಿಕ್ಟರ್‌ನ ಎಲೆಕ್ಟ್ರಿಕ್ ಮುದ್ರಣ, ಅಂದರೆ 1925 ಅಥವಾ ಆಮೇಲಿನದು. ಅದಕ್ಕೆ ಹಿಂದಿನವು ಮೈಕಿಲ್ಲದೆ, ಧ್ವನಿ ಹಿಡಿಯುವ ಕಹಳೆಯ ಮುಂದೆ ನಿಂತು ನುಡಿಸಿದವು. ಅವುಗಳಲ್ಲಿ ಕಾರ್ನೆಟ್ ಚೆನ್ನಾಗಿ ಕೇಳುತ್ತದೆ, ದೊಡ್ಡ ಡ್ರಮ್ ಬಹುತೇಕ ಕೇಳುವುದೇ ಇಲ್ಲ.

ಆರ್ಥರ್ ಪ್ರಯರ್, ಕಾನ್ವೇ, ಪ್ರಿನ್ಸ್ ಇವರ ಬ್ಯಾಂಡುಗಳ 78ಗಳು ಸೊಗಸಾಗಿವೆ. ಆದರೆ ಅವು ಸಂಗೀತ ಕಛೇರಿ ಮತ್ತು ಸ್ಟುಡಿಯೊ ಬ್ಯಾಂಡುಗಳು, ಡೇರೆಯ ಆವೇಗ ಅಲ್ಲಿ ಹುಡುಕಬೇಡಿ. ಅದು ಬೇಕಿದ್ದರೆ 1919ರಿಂದ ಸುಮಾರು ಅರ್ಧ ಶತಮಾನ ರಿಂಗ್ಲಿಂಗ್ ಸರ್ಕಸ್ಸಿನ ಬ್ಯಾಂಡ್ ನಡೆಸಿದ ಮೆರ್ಲ್ ಇವಾನ್ಸ್ ಅವರ ಎಲ್‌ಪಿ ಹುಡುಕಿ. ರೆಕಾರ್ಡುಗಳ ಪಟ್ಟಿ ಮತ್ತು ಮಾರಾಟದ ಜಾಲತಾಣ ಡಿಸ್ಕಾಗ್ಸ್‌ನಲ್ಲಿ ‘ಬ್ರಾಸ್ ಆ್ಯಂಡ್ ಮಿಲಿಟರಿ’ ವಿಭಾಗದ ಜೊತೆ ಮಕ್ಕಳ ವಿಭಾಗವನ್ನೂ ಜಾಲಾಡಿ. ಹೊದಿಕೆಯ ಮೇಲೆ ಆನೆ, ಜೋಕರ್ ಚಿತ್ರವಿದ್ದ ಮಾತ್ರಕ್ಕೆ ಕೊಳ್ಳಬೇಡಿ. ಹಿಂಬದಿಯಲ್ಲಿ ಬ್ಯಾಂಡ್ ನಾಯಕರ ಹೆಸರು, ಸಂಯೋಜಕರ ಹೆಸರು ಎರಡೂ ಇರಬೇಕು. ಬ್ಯಾಂಡ್ ನಿರ್ದೇಶಕ ಫ್ರೆಡರಿಕ್ ಫೆನೆಲ್ ಮರ್ಕ್ಯುರಿ ಕಂಪನಿಗೆ ಮಾಡಿದ ‘ಸ್ಕ್ರೀಮರ್ಸ್’ ಎಲ್‌ಪಿಯದು ನುಣುಪಾದ ವಾದನ, ಆದರೂ ಕೃತಿಗಳನ್ನು ಗುರುತಿಸಲು ಕಿವಿ ಪಳಗಿಸಿಕೊಳ್ಳುವುದಕ್ಕೆ ಅದಕ್ಕಿಂತ ಒಳ್ಳೆಯದು ಕಾಣೆ.

ಹಳೇ 78 ಅರಗಿನದು, ಬಿದ್ದರೆ ಒಡೆಯುತ್ತದೆ. ಎರಡು ಗಟ್ಟಿ ರಟ್ಟುಗಳ ನಡುವೆ ಇಟ್ಟು, ಸುತ್ತ ಕನಿಷ್ಠ 2 ಇಂಚು ಮೆತ್ತೆ ತುಂಬಿ, ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟು ಕಳಿಸಲು ಮೊದಲೇ ಹೇಳಿ. ತೊಳೆಯಲು ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ, ಮೆತ್ತನೆ ಬ್ರಷ್ ಸಾಕು. ಲೇಬಲ್ ಒದ್ದೆಯಾಗಬಾರದು. ಸ್ಪಿರಿಟ್ ಅಂತೂ ಬೇಡವೇ ಬೇಡ, ಅರಗು ಕರಗುತ್ತದೆ. ಕಾಲಿಂಚು ದಪ್ಪದ ಎಡಿಸನ್ ಡೈಮಂಡ್ ಡಿಸ್ಕಿಗೆ ನೀರೂ ತಾಕಬಾರದು, ಒಳಗಿನ ಮರದ ಹಿಟ್ಟು ಉಬ್ಬುತ್ತದೆ. 78ಕ್ಕೆ ಮುಳ್ಳು 3 ಮಿಲ್‌ನದ್ದಿರಲಿ (ಮಿಲ್ ಎಂದರೆ ಇಂಚಿನ ಸಾವಿರದ ಒಂದು ಭಾಗ), ಎಲ್‌ಪಿಯ 0.7 ಮಿಲ್ ಮುಳ್ಳು ಗೀರಿನ ತಳಕ್ಕಿಳಿದು ಬರೀ ಗರಗರ ಕೇಳಿಸುತ್ತದೆ.

ಕೊನೆಗೆ ವೇಗ. ಲೇಬಲ್ ಏನೇ ಹೇಳಲಿ, 1925ಕ್ಕೆ ಹಿಂದಿನವು ಸರಿಯಾಗಿ 78ಕ್ಕೇ ತಿರುಗಬೇಕೆಂದಿಲ್ಲ. ಕೊಲಂಬಿಯಾ ಕಂಪನಿಯವು ಅನೇಕ ಸಲ 80ರ ಆಸುಪಾಸು. ಸ್ವರಲಿಪಿಗಳ ಜಾಲತಾಣ ಐಎಂಎಸ್‌ಎಲ್‌ಪಿಯಲ್ಲಿ ಆ ಮಾರ್ಚಿನ ಬ್ಯಾಂಡ್ ಹಾಳೆ ಸಿಕ್ಕರೆ ಇಳಿಸಿಕೊಂಡು, ಮೊದಲ ಸ್ವರವನ್ನು ಟ್ಯೂನರ್ ಹಿಡಿದು ಹೋಲಿಸಿ. ಬಿ-ಫ್ಲಾಟ್ ಕಾರ್ನೆಟ್ ಹಾಳೆಯಲ್ಲಿ ‘ಸಿ’ ಬರೆದಿದ್ದರೆ ಕೇಳಬೇಕಾದ್ದು ಬಿ-ಫ್ಲಾಟ್, ಇದನ್ನು ಮರೆತರೆ ಲೆಕ್ಕವೆಲ್ಲ ತಪ್ಪುತ್ತದೆ. ಒಂದು ಸೆಮಿಟೋನ್ (ಅಕ್ಕಪಕ್ಕದ ಎರಡು ಸ್ವರಗಳ ಅತಿ ಕಿರಿಯ ಅಂತರ) ವ್ಯತ್ಯಾಸ ಸುಮಾರು 6 ಶೇಕಡಾ ವೇಗಕ್ಕೆ ಸಮ, ಅಂದರೆ 78ರಲ್ಲಿ 4.6 ಸುತ್ತು. ಅರ್ಧ ಸೆಮಿಟೋನಿನಷ್ಟು ಮಾತ್ರ ಮೇಲಿದ್ದರೆ ಮುಟ್ಟಬೇಡಿ: ಆ ಕಾಲದ ಕೆಲವು ಅಮೆರಿಕನ್ ಬ್ಯಾಂಡುಗಳ ಶ್ರುತಿಯೇ (‘ಎ’ ಸ್ವರದ ಕಂಪನ ಸೆಕೆಂಡಿಗೆ) 440ರ ಬದಲು 452ರ ಹತ್ತಿರ ಇರುತ್ತಿತ್ತು.