ನಾಲ್ಕು ಡಿಸ್ಕಿನ ನ್ಯಾಸ್ ಕಟ್ಟಿದ್ದು, ಕ್ಯಾಶ್ ಎಸ್‌ಎಸ್‌ಡಿ ಕೈಬಿಟ್ಟದ್ದು: ನನ್ನ ಅನುಭವ

ಮನೆಗೆ ನ್ಯಾಸ್ (ನೆಟ್‌ವರ್ಕಿನಲ್ಲಿ ಎಲ್ಲರಿಗೂ ಫೈಲ್ ಒದಗಿಸುವ ಡಿಸ್ಕ್ ಪೆಟ್ಟಿಗೆ) ಕಟ್ಟಲು ಹೊರಟವರಲ್ಲಿ ಜಾಸ್ತಿ ಜನ ಮೊದಲು ಕೇಳೋದು, ಕ್ಯಾಶ್‌ಗೆ (ಪದೇಪದೇ ಬೇಕಾಗುವ ಡೇಟಾ ಬೇಗ ಸಿಗುವಂತೆ ಇಡುವ ಜಾಗಕ್ಕೆ) ಯಾವ ಎಸ್‌ಎಸ್‌ಡಿ ಹಾಕಲಿ ಅಂತ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೊದಲು ಒಳ್ಳೆಯ ಡಿಸ್ಕ್, ಆಮೇಲೆ ರ್ಯಾಮ್. ಕ್ಯಾಶ್ ಕೊನೆಗೆ, ಅದೂ ಅಳೆದು ನೋಡಿ ಬೇಕೇ ಬೇಕು ಅನ್ನಿಸಿದರೆ ಮಾತ್ರ. ನನ್ನದು ಝೆಡ್‌ಎಫ್‌ಎಸ್ (ಹಲವು ಡಿಸ್ಕುಗಳನ್ನು ಒಟ್ಟಿಗೆ ನಿಭಾಯಿಸುವ ಫೈಲ್ ಸಿಸ್ಟಮ್) ಮೇಲೆ ಓಡುವ ನಾಲ್ಕು ಡಿಸ್ಕಿನ ಪೆಟ್ಟಿಗೆ. ಅದರಲ್ಲಿ ಮನೆಯ ಫೋಟೊ, ವಿಡಿಯೊ, ಲ್ಯಾಪ್‌ಟಾಪ್‌ಗಳ ಬ್ಯಾಕಪ್, ಒಂದೆರಡು ವರ್ಚುವಲ್ ಮಷೀನು ಇವೆ.

ಡಿಸ್ಕ್ ಆರಿಸುವಾಗ ನಾನು ಮೊದಲು ನೋಡಿದ್ದು ಗಾತ್ರವಲ್ಲ, ಅದು ಸಿಎಂಆರ್ (ಟ್ರ್ಯಾಕ್‌ಗಳು ಒಂದರ ಮೇಲೊಂದು ಕೂರದೆ ಪಕ್ಕಪಕ್ಕ ಇರುವ ಬಗೆ) ಹೌದೋ ಅಲ್ಲವೋ ಅನ್ನೋದನ್ನ. ಎಸ್‌ಎಂಆರ್ ಡಿಸ್ಕಿನಲ್ಲಿ ಟ್ರ್ಯಾಕ್‌ಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಕೂತಿರುತ್ತವೆ. ನಡುವಿನ ಒಂದನ್ನು ಬದಲಿಸಬೇಕಾದರೆ ಅದರ ಮೇಲೆ ಕೂತವನ್ನೂ ಮತ್ತೆ ಬರೆಯಬೇಕು. ಅದಕ್ಕೇ ಡಿಸ್ಕು ಹೊಸ ಡೇಟಾವನ್ನು ಒಂದು ಸಣ್ಣ ಜಾಗದಲ್ಲಿ ಕೂಡಿಟ್ಟುಕೊಂಡು, ಬಿಡುವಾದಾಗ ಅದರದರ ಜಾಗಕ್ಕೆ ಸಾಗಿಸುತ್ತದೆ. ದಿನನಿತ್ಯದ ಬಳಕೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಕೆಟ್ಟ ಡಿಸ್ಕ್ ತೆಗೆದು ಹೊಸದು ಹಾಕಿ ರೀಸಿಲ್ವರ್ (ಉಳಿದ ಡಿಸ್ಕುಗಳಿಂದ ಹೊಸದಕ್ಕೆ ಡೇಟಾ ತುಂಬಿಸುವುದು) ಶುರು ಮಾಡಿದಾಗ ನಿಜ ಬಣ್ಣ ಗೊತ್ತಾಗುತ್ತದೆ. ಗಂಟೆಗಟ್ಟಲೆ ಬರೆಯುತ್ತಲೇ ಇರಬೇಕು, ಬಿಡುವು ಅನ್ನೋದೇ ಇಲ್ಲ, ಆ ಸಣ್ಣ ಜಾಗ ತುಂಬಿ ವೇಗ ಪಾತಾಳಕ್ಕೆ ಬೀಳುತ್ತದೆ, ಕೆಲವೊಮ್ಮೆ ಡಿಸ್ಕು ಉತ್ತರ ಕೊಡೋದೇ ಇಲ್ಲ ಅಂತ ಸಿಸ್ಟಮ್ ಅದನ್ನು ಹೊರಗೆ ಹಾಕಿಬಿಡುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ 2ರಿಂದ 6 ಟಿಬಿವರೆಗಿನ ಕೆಲವು ಮಾಡೆಲ್‌ಗಳು ಎಸ್‌ಎಂಆರ್ ಅನ್ನೋದು ಹೊರಬಿದ್ದು ದೊಡ್ಡ ಗಲಾಟೆಯೇ ಆಯಿತು. ಆಮೇಲೆ ಸಿಎಂಆರ್ ಡಿಸ್ಕುಗಳಿಗೆ ರೆಡ್ ಪ್ಲಸ್ ಅನ್ನುವ ಹೆಸರು ಬಂತು. ಹಾಗಾಗಿ ಡಬ್ಬಿಯ ಮೇಲಿನ ಹೆಸರು ನಂಬಬೇಡಿ. ಪೂರ್ತಿ ಮಾಡೆಲ್ ನಂಬರ್ ಹಿಡಿದು ತಯಾರಕರ ಪಟ್ಟಿಯಲ್ಲಿ ನೋಡಿಯೇ ಕೊಳ್ಳಿ.

ನ್ಯಾಸ್ ಡಿಸ್ಕಿಗೂ ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕಿಗೂ ಇರುವ ಇನ್ನೊಂದು ವ್ಯತ್ಯಾಸ, ಓದಲಾಗದ ಸೆಕ್ಟರ್ ಸಿಕ್ಕಾಗ ಅದು ಎಷ್ಟು ಹೊತ್ತು ಒದ್ದಾಡುತ್ತದೆ ಅನ್ನೋದು. ಡೆಸ್ಕ್‌ಟಾಪ್ ಡಿಸ್ಕು ಒಂದೇ ಸೆಕ್ಟರಿಗೆ ಎಷ್ಟೋ ಹೊತ್ತು ಅಂಟಿಕೊಂಡಿರಬಹುದು. ಲಿನಕ್ಸ್ ಕರ್ನೆಲ್ ಮಾತ್ರ 30 ಸೆಕೆಂಡು ಕಾದು ತಾಳ್ಮೆ ಕಳೆದುಕೊಳ್ಳುತ್ತದೆ. ನಾನು ಹೊಸ ಡಿಸ್ಕು ಬಂದ ಕೂಡಲೇ ಡಿಸ್ಕಿನ ಆರೋಗ್ಯ ನೋಡುವ ಸ್ಮಾರ್ಟ್‌ಸಿಟಿಎಲ್ ಅನ್ನುವ ಕಮಾಂಡಿನಲ್ಲಿ ಡಿಸ್ಕಿನ ಒದ್ದಾಟದ ಮಿತಿ ಎಷ್ಟಿದೆ ಅಂತ ಕೇಳಿ ನೋಡಿದೆ. ಓದಲು 70, ಬರೆಯಲು 70 ಅಂತ ಬಂತು. ಅದು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕ, ಅಂದರೆ 7 ಸೆಕೆಂಡಿಗೆ ಡಿಸ್ಕು ಕೈಚೆಲ್ಲಿ ವಿಷಯ ತಿಳಿಸುತ್ತದೆ, ಝೆಡ್‌ಎಫ್‌ಎಸ್ ಆ ತುಣುಕನ್ನು ಅದೇ ಡೇಟಾ ಇರುವ ಜೋಡಿ ಡಿಸ್ಕಿನಿಂದ ತಂದುಕೊಳ್ಳುತ್ತದೆ. ನಮಗೆ ಬೇಕಾದದ್ದು ಇದೇ.

ವರ್ಷಕ್ಕೆ ಎಷ್ಟು ಕೆಲಸ ತಡೆಯುತ್ತದೆ ಅನ್ನುವ ಅಂಕಿಯನ್ನೂ ನೋಡಿ. ಡೆಸ್ಕ್‌ಟಾಪ್ ಡಿಸ್ಕುಗಳಿಗೆ ಸಾಮಾನ್ಯವಾಗಿ 55 ಟಿಬಿ, ಮನೆ ಬಳಕೆಯ ನ್ಯಾಸ್ ಡಿಸ್ಕುಗಳಿಗೆ 180 ಟಿಬಿ ಅಂತ ಬರೆದಿರುತ್ತಾರೆ. ಮನೆಯಲ್ಲಿ ಯಾರು ಅಷ್ಟು ಬರೆಯುತ್ತಾರೆ ಅನ್ನಿಸುತ್ತದೆ, ಅಲ್ವಾ? ಆದರೆ ಓದಿದ್ದೂ ಈ ಲೆಕ್ಕಕ್ಕೇ ಸೇರುತ್ತದೆ. 8 ಟಿಬಿ ಡಿಸ್ಕಿನಲ್ಲಿ 5 ಟಿಬಿ ತುಂಬಿದ್ದು, ತಿಂಗಳಿಗೊಮ್ಮೆ ಸ್ಕ್ರಬ್ (ಇರುವ ಡೇಟಾವನ್ನೆಲ್ಲ ಓದಿ ಸರಿಯಿದೆಯೇ ಅಂತ ಪರೀಕ್ಷಿಸುವುದು) ಮಾಡಿದರೆ ಅದೊಂದರಿಂದಲೇ ವರ್ಷಕ್ಕೆ 60 ಟಿಬಿ ಆಯಿತು. ಸ್ಕ್ರಬ್ ಬಿಡುವ ಹಾಗಿಲ್ಲ. ಹಾಗಾಗಿ ನ್ಯಾಸ್ ದರ್ಜೆಯ ಡಿಸ್ಕೇ ತಗೊಂಡೆ.

ಪೂಲ್‌ಗೆ (ಡಿಸ್ಕುಗಳೆಲ್ಲ ಸೇರಿದ ಒಂದೇ ಸಂಗ್ರಹಕ್ಕೆ) ಸೇರಿಸುವ ಮೊದಲು ಪ್ರತಿ ಡಿಸ್ಕಿಗೂ ಇಡೀ ಡಿಸ್ಕು ಪರೀಕ್ಷಿಸುವ ಬ್ಯಾಡ್‌ಬ್ಲಾಕ್ಸ್ ಕಮಾಂಡ್ ಪೂರ್ತಿ ಓಡಿಸಿ, ಮೇಲೊಂದು ಲಾಂಗ್ ಟೆಸ್ಟ್ (ಡಿಸ್ಕು ತಾನೇ ಮಾಡಿಕೊಳ್ಳುವ ದೀರ್ಘ ಪರೀಕ್ಷೆ) ಮಾಡಿದೆ. ದೊಡ್ಡ ಡಿಸ್ಕಿಗೆ ಇದು ದಿನಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ ಬಿಡಿ. ಕೊನೆಗೆ ಸ್ಮಾರ್ಟ್‌ಸಿಟಿಎಲ್ ವರದಿಯ 5, 197, 198 ಸಂಖ್ಯೆಯ ಸಾಲುಗಳಲ್ಲಿ (ಕೆಟ್ಟ, ಶಂಕಿತ ಸೆಕ್ಟರುಗಳ ಎಣಿಕೆ) ಸೊನ್ನೆ ಇದ್ದರೆ ಮಾತ್ರ ಒಳಗೆ. 199 (ಡೇಟಾ ಸಾಗಣೆಯಲ್ಲಿ ಆದ ತಪ್ಪುಗಳ ಎಣಿಕೆ) ಏರುತ್ತಿದ್ದರೆ ಡಿಸ್ಕನ್ನು ದೂರಬೇಡಿ, ಮೊದಲು ಕೇಬಲ್ ಬದಲಿಸಿ.

ಜೋಡಣೆಯಲ್ಲಿ ಎರಡು ಮಿರರ್ ಜೋಡಿ (ಜೋಡಿಯ ಎರಡೂ ಡಿಸ್ಕಿನಲ್ಲಿ ಒಂದೇ ಡೇಟಾ) ಮಾಡಿದೆ. ನಾಲ್ಕು ಡಿಸ್ಕಿಗೆ ರೇಡ್‌ಝೆಡ್2 (ಹೋದ ಡೇಟಾ ಮರಳಿ ಪಡೆಯಲು ಎರಡು ಡಿಸ್ಕಿನಷ್ಟು ಜಾಗ ಮೀಸಲಿಡುವ ಜೋಡಣೆ) ಮಾಡಿದರೂ ಅರ್ಧ ಜಾಗವೇ ಸಿಗೋದು. ಅದರಲ್ಲಿ ಯಾವ ಎರಡು ಹೋದರೂ ಡೇಟಾ ಉಳಿಯುತ್ತದೆ, ಮಿರರ್‌ನಲ್ಲಿ ಒಂದೇ ಜೋಡಿಯ ಎರಡೂ ಹೋದರೆ ಪೂಲೇ ಹೋಯಿತು. ಆದರೂ ನನಗೆ ಸರಳವಾದ ರೀಸಿಲ್ವರ್, ಸಣ್ಣ ಸಣ್ಣ ಓದುಗಳಲ್ಲಿ ಜಾಸ್ತಿ ವೇಗ, ಮುಂದೆ ಎರಡೇ ಡಿಸ್ಕು ಬದಲಿಸಿ ಜಾಗ ಹೆಚ್ಚಿಸುವ ಅನುಕೂಲ ಮುಖ್ಯ ಅನ್ನಿಸಿತು. ಬೇರೆ ಕಡೆ ಪೂರ್ತಿ ಬ್ಯಾಕಪ್ ಇರುವುದರಿಂದಲೇ ಈ ಧೈರ್ಯ. ಅದಿಲ್ಲದವರು ರೇಡ್‌ಝೆಡ್2 ಮಾಡಿಕೊಳ್ಳಿ.

ಇನ್ನು ಕ್ಯಾಶ್. ಗಿಗಾಬಿಟ್ ನೆಟ್‌ವರ್ಕಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 110 ಎಂಬಿ ಹೋಗುತ್ತದೆ. ಈಗಿನ ಒಂದೇ ಒಂದು ಹಾರ್ಡ್ ಡಿಸ್ಕು ದೊಡ್ಡ ಫೈಲನ್ನು ಅದಕ್ಕಿಂತ ವೇಗವಾಗಿ ಓದುತ್ತದೆ. ಇಕ್ಕಟ್ಟಿರೋದು ತಂತಿಯಲ್ಲಿ. ವಿಡಿಯೊ ನೋಡಲು, ದೊಡ್ಡ ಫೈಲ್ ಕಾಪಿ ಮಾಡಲು ಎಸ್‌ಎಸ್‌ಡಿ ಕ್ಯಾಶ್ ಸುಮ್ನೆ ದುಡ್ಡು ದಂಡ.

ಓದುವ ಕ್ಯಾಶ್ ಅಂದರೆ ಝೆಡ್‌ಎಫ್‌ಎಸ್‌ನಲ್ಲಿ ಮೊದಲು ಆರ್ಕ್, ಅದು ರ್ಯಾಮ್‌ನಲ್ಲೇ ಇರುತ್ತದೆ. ನನ್ನಲ್ಲಿ ನಿಧಾನ ಆಗುತ್ತಿದ್ದದ್ದು ಒಂದೇ ಕೆಲಸ. ರಾತ್ರಿಯ ಆರ್‌ಸಿಂಕ್ (ಬದಲಾದ ಫೈಲುಗಳನ್ನು ನಕಲಿಸುವ ಬ್ಯಾಕಪ್ ಕಮಾಂಡ್) ಲಕ್ಷಗಟ್ಟಲೆ ಸಣ್ಣ ಫೈಲುಗಳ ಪಟ್ಟಿ ಮಾಡುವಾಗ ಡಿಸ್ಕುಗಳು ಕರಕರ ಅನ್ನುತ್ತಲೇ ಇರುತ್ತಿದ್ದವು. ಆ ಹೊತ್ತಿಗೆ ಆರ್ಕ್‌ನ ಅಂಕಿ ತೋರಿಸುವ ಆರ್ಕ್‌ಸ್ಟ್ಯಾಟ್ ಓಡಿಸಿ ನೋಡಿದರೆ ಮೆಟಾಡೇಟಾ (ಫೈಲಿನ ಹೆಸರು, ಗಾತ್ರದಂಥ ವಿವರ) ಮಿಸ್‌ಗಳು, ಅಂದರೆ ಆರ್ಕ್‌ನಲ್ಲಿ ಸಿಗದೆ ಡಿಸ್ಕಿಗೆ ಹೋದ ಓದುಗಳು, ತುಂಬಾ ಕಂಡವು. ಎಲ್2ಆರ್ಕ್ (ಎಸ್‌ಎಸ್‌ಡಿಯಲ್ಲಿ ಇಡುವ ಎರಡನೇ ಹಂತದ ಓದುವ ಕ್ಯಾಶ್) ಹಾಕುವ ಬದಲು ರ್ಯಾಮನ್ನು 16ರಿಂದ 32 ಜಿಬಿಗೆ ಏರಿಸಿದೆ. ಪಟ್ಟಿ ರ್ಯಾಮ್‌ನಲ್ಲೇ ಉಳಿಯತೊಡಗಿತು, ಕರಕರ ನಿಂತಿತು. ಎಲ್2ಆರ್ಕ್‌ನಲ್ಲಿರುವ ಪ್ರತಿ ಬ್ಲಾಕಿಗೂ ರ್ಯಾಮ್‌ನಲ್ಲಿ ಒಂದು ಗುರುತು ಬೇಕು. ರ್ಯಾಮ್ ಕಡಿಮೆ ಇದ್ದಾಗ ದೊಡ್ಡ ಎಲ್2ಆರ್ಕ್ ಹಾಕಿದರೆ ವೇಗದ ಕ್ಯಾಶ್ ಕುಗ್ಗಿಸಿ ನಿಧಾನದ ಕ್ಯಾಶ್ ಬೆಳೆಸಿದಂತೆ. ಬೋರ್ಡಿನಲ್ಲಿ ರ್ಯಾಮ್ ಸ್ಲಾಟ್ ಖಾಲಿ ಇಲ್ಲದವರು ಮೆಟಾಡೇಟಾಗೆ ಮಾತ್ರ ಅಂತ ಮಿತಿ ಹಾಕಿ ಒಂದು ಸಣ್ಣ ಎಸ್‌ಎಸ್‌ಡಿ ಇಡಬಹುದು. ಅದು ಸತ್ತರೂ ಡೇಟಾಗೆ ಏನೂ ಆಗುವುದಿಲ್ಲ. ಓಪನ್‌ಝೆಡ್‌ಎಫ್‌ಎಸ್ 2.0ರಿಂದ ರೀಬೂಟ್ ಆದ ಮೇಲೂ ಅದು ಉಳಿಯುತ್ತದೆ. ಸ್ಪೆಷಲ್ ವಿಡೆವ್ (ಮೆಟಾಡೇಟಾವನ್ನು ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿಯಲ್ಲೇ ಇಡುವ ಏರ್ಪಾಡು) ಹಾಗಲ್ಲ, ಅದು ಪೂಲ್‌ನ ಭಾಗವೇ. ಅದು ಹೋದರೆ ಎಲ್ಲವೂ ಹೋದಂತೆ, ಒಂಟಿ ಎಸ್‌ಎಸ್‌ಡಿಯಲ್ಲಿ ಅದನ್ನು ಇಡಲೇಬೇಡಿ.

ಸ್ಲಾಗ್ (ಬರೆಯುವುದರ ದಾಖಲೆ ಇಡಲು ಝೆಡ್‌ಎಫ್‌ಎಸ್‌ಗೆ ಕೊಡುವ ಬೇರೆ ಎಸ್‌ಎಸ್‌ಡಿ) ಅನ್ನು ರೈಟ್ ಕ್ಯಾಶ್ ಅಂದುಕೊಂಡವರು ತುಂಬಾ ಜನ. ಸಿಂಕ್ ರೈಟ್ (ಭದ್ರವಾಗಿ ಬರೆದಾಯಿತು ಅನ್ನುವ ಉತ್ತರ ಬರುವವರೆಗೆ ಕಾಯುವಂಥದ್ದು) ಬಂದಾಗ ಮಾತ್ರ ಅದಕ್ಕೆ ಕೆಲಸ, ಅದೂ ಕರೆಂಟ್ ಹೋದರೆ ಇರಲಿ ಅಂತ ಬರೆದಿಡುವ ಪ್ರತಿ ಅಷ್ಟೆ. ಡೇಟಾ ಡಿಸ್ಕಿಗೆ ಹೋಗೋದು ರ್ಯಾಮ್‌ನಿಂದಲೇ. ಲ್ಯಾಪ್‌ಟಾಪಿನಿಂದ ಎಸ್‌ಎಂಬಿಯಲ್ಲಿ (ವಿಂಡೋಸ್ ಬಳಸುವ ಫೈಲ್ ಹಂಚಿಕೆಯ ವಿಧಾನ) ಫೈಲ್ ಹಾಕಿದರೆ ಸಾಮಾನ್ಯವಾಗಿ ಸ್ಲಾಗ್ ಮುಟ್ಟುವುದೇ ಇಲ್ಲ. ಹಾಕುವುದಾದರೆ ಕರೆಂಟ್ ಹೋದಾಗ ಡೇಟಾ ಕಾಪಾಡುವ ಕೆಪಾಸಿಟರ್ ಇರುವ ಎಸ್‌ಎಸ್‌ಡಿಯೇ ಬೇಕು. ರೆಡಿಮೇಡ್ ಪೆಟ್ಟಿಗೆಗಳ ರೀಡ್‌-ರೈಟ್ ಕ್ಯಾಶ್ ಬೇರೆಯದೇ ಕಥೆ. ಅಲ್ಲಿ ಡಿಸ್ಕಿಗೆ ಇನ್ನೂ ಹೋಗದ ಡೇಟಾ ಎಸ್‌ಎಸ್‌ಡಿಯಲ್ಲೇ ಕೂತಿರುತ್ತದೆ, ಹಾಗಾಗಿ ಎರಡು ಎಸ್‌ಎಸ್‌ಡಿ ಮಿರರ್ ಮಾಡಿಯೇ ಬಳಸಿ.

ನಾನು ಎಸ್‌ಎಸ್‌ಡಿ ಕೊಂಡೆ, ಆದರೆ ಕ್ಯಾಶ್‌ಗಲ್ಲ. ಎರಡನ್ನು ಮಿರರ್ ಮಾಡಿ ಬೇರೆ ಪೂಲ್ ಕಟ್ಟಿ, ವರ್ಚುವಲ್ ಮಷೀನುಗಳನ್ನೂ ಫೋಟೊ ಆ್ಯಪಿನ ಡೇಟಾಬೇಸ್, ಥಂಬ್‌ನೇಲ್‌ಗಳನ್ನೂ ಅಲ್ಲಿಗೆ ಸಾಗಿಸಿದೆ. ಹಳೆಯ ವರ್ಷದ ಫೋಟೊಗಳಿಗೆ ಸರ‍್ರನೆ ಸ್ಕ್ರೋಲ್ ಮಾಡಿದರೂ ಈಗ ಬೂದು ಚೌಕಗಳು ಕಾಣುವುದಿಲ್ಲ. ಯಾವುದು ವೇಗವಾಗಿರಬೇಕು ಅನ್ನೋದನ್ನ ಕ್ಯಾಶ್ ಊಹಿಸಬೇಕು, ನನಗೆ ಅದು ಮೊದಲೇ ಗೊತ್ತಿತ್ತು. ಮುಂದೆ 2.5 ಗಿಗಾಬಿಟ್ ಸ್ವಿಚ್ ತಂದರೂ ಸೆಕೆಂಡಿಗೆ ಸುಮಾರು 280 ಎಂಬಿ, ದೊಡ್ಡ ಫೈಲುಗಳಿಗೆ ಎರಡು ಮಿರರ್ ಜೋಡಿ ಅದನ್ನು ತುಂಬಿಸುತ್ತವೆ. 10 ಗಿಗಾಬಿಟ್‌ಗೆ ಹೋದ ದಿನ ಈ ಲೆಕ್ಕ ಮತ್ತೆ ಮಾಡಬೇಕು.